ಅಡ್ಡಕ್ಕೂ ಓಡುವ ಗಾಲಿ

ಹೈದರಾಬಾದಿನ ನಾಚಾರಂನ ಲೇತ್ ಶೆಡ್ಡುಗಳಲ್ಲಿ ಚಂದ್ರಕಾಂತನಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿರಲಿಲ್ಲ. ಆಳಂದದಿಂದ ಬಂದು ಇಪ್ಪತ್ತೆರಡು ವರ್ಷ ಲೇತ್ ನಡೆಸಿದವನು, ಬೇರೆಯವರು ಕೊಟ್ಟ ಅಳತೆಯನ್ನು ಒಂದು ದಿನವೂ ನಂಬಿದವನಲ್ಲ. ಕಬ್ಬಿಣ ತಂದವನನ್ನೂ ಅನುಮಾನಿಸುತ್ತಿದ್ದ, ಕಬ್ಬಿಣವನ್ನೂ ಅನುಮಾನಿಸುತ್ತಿದ್ದ.

ಹೈಟೆಕ್ ಸಿಟಿಯ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಎಂಜಿನಿಯರಿಂಗ್ ಓದುವವರೆಲ್ಲ ಕಂಪ್ಯೂಟರಿನ ಮುಂದೆ ಕೂತಿದ್ದಾಗ, ಹಿಮಾಯತ್‌ನಗರದ ಧನಶ್ರೀ ಎಂಬ ಕಾಲೇಜು ಹುಡುಗಿ ಅವನ ಶೆಡ್ಡಿಗೆ ಬಂದು ಒಂದು ಗಾಲಿಯ ಚಿತ್ರ ಬಿಚ್ಚಿದಳು. ರೋಬೋಟ್ ಸ್ಪರ್ಧೆಗಂತೆ. ಗಾಲಿಯ ಅಂಚಿನ ಸುತ್ತ ಪುಟ್ಟ ಪುಟ್ಟ ರೋಲರ್‌ಗಳಿದ್ದವು.

“ಇದು ಮುಂದಕ್ಕೂ ಹೋಗತದ, ಅಡ್ಡಕ್ಕೂ ಜಾರತದರಿ ಕಾಕಾ. ಇಂಥಾವು ಮೂರು ಹಾಕಿದ್ರ ರೋಬೋಟು ಮುಖ ತಿರುಗಿಸಲಾರದನ ಯಾವ ಕಡೆಗಾದ್ರೂ ಹೋಗತದ.”

“ಅಡ್ಡ ಜಾರೋ ಗಾಲಿ ನಂಬಿ ಗಾಡಿ ಯಾರು ಕಟ್ಟತಾರವ್ವಾ?” ಎಂದ ಚಂದ್ರಕಾಂತ. ಎರಡು ದಿನ ಆ ಚಿತ್ರವನ್ನೇ ನೋಡಿದ. ಕೊನೆಗೆ, “ಒಂದ ಸಾಲು ರೋಲರ್ ಇದ್ರ ನಡುವಿನ ಸಂದ್ಯಾಗ ಗಾಲಿ ಕುಕ್ಕತೈತಿ. ಎರಡು ಸಾಲು ಹಾಕೋಣು, ಒಂದರ ಸಂದಿಗೆ ಇನ್ನೊಂದರ ರೋಲರ್ ಬರೂಹಂಗ” ಎಂದ. ಅವಳು ಒಪ್ಪಿದಳು. ನೈಲಾನಿನಲ್ಲಿ ಮೂರು ಗಾಲಿ ಮಾಡಿಕೊಟ್ಟ.

ಹತ್ತು ದಿನಕ್ಕೆ ಅವಳು ತಂಡದ ನಾಯಕ ನಚಿಕೇತನೊಡನೆ ರೋಬೋಟ್ ಹೊತ್ತು ತಂದಳು. ನೇರ ಓಡಿಸಿದರೆ ಅದು ಎಡಕ್ಕೆ ವಾಲುತ್ತಿತ್ತು, ನಡುಗುತ್ತಲೂ ಇತ್ತು.

“ಗಾಲಿ ಸರಿ ಇಲ್ಲರಿ. ಯಾವುದೋ ಹಳೇ ನೈಲಾನ್ ಹಾಕೀರಿ,” ಎಂದ ನಚಿಕೇತ.

ತಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಲು ಬಂದಿದ್ದಾರೆ ಎಂದು ಚಂದ್ರಕಾಂತನಿಗೆ ರೇಗಿತು. ಎಡದ ಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ. “ತಪ್ಪು ಗಾಲೀದಾದ್ರ ಈಗ ಬಲಕ್ಕ ವಾಲಬೇಕು. ಬಿಡ್ರಿ.”

ರೋಬೋಟ್ ಮತ್ತೆ ಎಡಕ್ಕೇ ವಾಲಿತು.

“ಎಡಗಡೆ ಮೋಟಾರು ಮೆಲ್ಲಕ ತಿರಗಾಕತ್ತೈತಿ.”

“ಎರಡಕ್ಕೂ ಒಂದ ವೋಲ್ಟೇಜ್ ಕೊಟ್ಟೀವಲ್ರಿ!” ಎಂದ ನಚಿಕೇತ.

“ಕೊಟ್ಟೀರಿ. ಎಷ್ಟು ಸುತ್ತು ತಿರಗ್ತು, ಎಣಿಸೀರೇನು?”

ಎಣಿಸಿರಲಿಲ್ಲ.

ಆದರೆ ಚಂದ್ರಕಾಂತನಿಗೆ ಸಮಾಧಾನವಾಗಲಿಲ್ಲ. ಮೊದಲು ಎಡಗಡೆ ಕೇಳುತ್ತಿದ್ದ ಟಕಟಕ ಸದ್ದು ಈಗ ಬಲಗಡೆ ಕೇಳುತ್ತಿತ್ತು. ಗಾಲಿಯ ಜೊತೆಗೇ ಹೋಗಿತ್ತು. ಉಳಿದಿಬ್ಬರೂ ಅದನ್ನು ಗಮನಿಸಿರಲಿಲ್ಲ. ಗಾಲಿ ಬಿಚ್ಚಿ ಒಂದೊಂದೇ ರೋಲರನ್ನು ಬೆರಳಿನಿಂದ ತಿರುಗಿಸಿದ. ಐದನೆಯದು ಬಿಗಿಯಾಗಿತ್ತು. ಅದರ ಅಚ್ಚಿನ ತೂತು ಸಣ್ಣದಾಗಿತ್ತು, ಕೊರೆದವನು ಅವನೇ. ಮುಚ್ಚಿಟ್ಟುಬಿಡಬಹುದಿತ್ತು. ಆ ರೋಲರನ್ನು ನಚಿಕೇತನ ಮುಂದೆ ಹಿಡಿದ.

“ವಾಲೋದು ನಿಮ್ಮ ತಪ್ಪು,” ಎಂದ. “ನಡಗೋದು ನಂದ ತಪ್ಪು ತಮ್ಮಾ. ಇದನ್ನ ನಾನು ಅಳದು ನೋಡಿರಲಿಲ್ಲ.”

ಅವನು ರೋಲರ್ ಹೊಸದಾಗಿ ಮಾಡಿದ. ಧನಶ್ರೀ ಸುತ್ತು ಎಣಿಸುವ ಎನ್‌ಕೋಡರ್‌ಗಳನ್ನು ಕೂಡಿಸಿ, ಹಿಂದೆ ಬಿದ್ದ ಮೋಟಾರಿಗೆ ಪ್ರೋಗ್ರಾಮೇ ಹೆಚ್ಚು ವೋಲ್ಟೇಜ್ ಕೊಡುವಂತೆ ಬರೆದಳು.

ಸ್ಪರ್ಧೆಯ ದಿನ ರೋಬೋಟ್ ಏಡಿಯಂತೆ ಅಡ್ಡ ಸರಿದು ಚೆಂಡುಗಳನ್ನು ಬುಟ್ಟಿಗೆ ಹಾಕಿತು. ಮೂರನೆಯ ಬಹುಮಾನ ಬಂತು. ನಚಿಕೇತ ಮೈಕಿನಲ್ಲಿ ಚಂದ್ರಕಾಂತನನ್ನು ವೇದಿಕೆಗೆ ಕರೆದ.

“ನನ್ನ ಯಾಕ ಕರಿಯಾಕತ್ತಾನ?” ಎಂದು ಅವನು ಪಕ್ಕದ ಧನಶ್ರೀಯನ್ನು ಎರಡೆರಡು ಸಲ ಕೇಳಿ, ಖಾತ್ರಿಯಾದ ಮೇಲೆಯೇ ಎದ್ದ.