ಸವಿತಾಳ ಪ್ರೋಗ್ರಾಂ, ನನ್ನ ಪ್ರೋಗ್ರಾಂ, ಒಂದು ವಿಳಾಸ

ಸ್ನೇಹಿತರೇ, ಇವತ್ತು ವಿಜಯನಗರದ ನಮ್ಮ ಪುಟ್ಟ ಆಫೀಸಿನಲ್ಲಿ ನನಗೂ ಸಹೋದ್ಯೋಗಿ ಸವಿತಾಗೂ ಜಗಳ. ಪಾರ್ಸೆಲ್ ಮೇಲಿನ ವಿಳಾಸವನ್ನು ಮನೆ, ಬಡಾವಣೆ ಎಂದು ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಅವಳೊಂದು ಬರೆದಿದ್ದಾಳೆ, ನಾನೊಂದು. ಒಂದೇ ವಿಳಾಸವನ್ನು ಎರಡಕ್ಕೂ ಕೊಡುತ್ತೇವೆ. ಉತ್ತರ ಬೇರೆ ಬಂದರೆ ಯಾರದೋ ತಪ್ಪು, ಒಂದೇ ಬಂದರೆ ಸರಿ. ನಿಯಮ ನನ್ನದು.

ಬೆಳಿಗ್ಗೆಯ ವಿಳಾಸ: "ಸುಂಕದಕಟ್ಟೆ ಬಸ್ ಸ್ಟಾಪಲ್ಲಿ ಇಳಿದು ಫೋನ್ ಮಾಡಿ." 'ಫೋನ್ ಮಾಡಿ' ಎಂಬುದು ಬಡಾವಣೆ ಎಂದಿತು ನನ್ನದು. ಮನೆಯ ಹೆಸರು ಎಂದಿತು ಅವಳದು.

"ನಿಂದೇ ತಪ್ಪು ಕಣೋ," ಎಂದಳು.

"ಹೌದಮ್ಮ, ಮನೆ ಬಾಗಿಲ ಮೇಲೆ 'ಫೋನ್ ಮಾಡಿ' ಅಂತ್ಲೇ ಬರ್ಸಿರ್ತಾರೆ!" ಎಂದೆ.

ಅಷ್ಟರಲ್ಲಿ ನನ್ನ ಮನೆಗೆ ಪಾರ್ಸೆಲ್ ತಂದ ಡೆಲಿವರಿಯವರ ಫೋನ್. "ಸಾರ್, ಚಂದ್ರಾ ಲೇಔಟ್ ನೀರಿನ ಟ್ಯಾಂಕ್ ಹತ್ರ ಬಂದು ಫೋನ್ ಮಾಡಿ ಅಂತ ಬರ್ದಿದೀರಲ್ಲ, ಬಂದಿದೀನಿ. ಮನೆ ಯಾವ್ದು?"

ಪಕ್ಕದಲ್ಲಿದ್ದ ಸವಿತಾಗೆ ಎಲ್ಲ ಕೇಳಿಸಿತು. ನನ್ನ ವಿಳಾಸವನ್ನೇ ಎರಡಕ್ಕೂ ಕೊಟ್ಟಳು. ಎರಡೂ ಒಂದೇ ಉತ್ತರ ಕೊಟ್ಟವು. ಮನೆ: ನೀರಿನ ಟ್ಯಾಂಕ್.

"ಎರಡೂ 'ಹತ್ರ' ಅನ್ನೋದನ್ನೇ ಬಿಟ್ಬಿಡ್ತಿವೆ ಕಣೇ, ಇಬ್ರದೂ ತಪ್ಪು," ಎಂದೆ.

"ಒಂದೇ ಉತ್ತರ ಬಂದ್ರೆ ಸರಿ. ನಿಯಮ ನಿಂದೇ," ಎಂದಳು.

ಇನ್ನು ನನ್ನ ಮನೆಗೆ ಬರುವವರು ದಯವಿಟ್ಟು ಟವೆಲ್ ತನ್ನಿ.