ರೇಟಕ್ಕನ ಕೆಂಪು ಗುರುತು

ಬೆಳಗಿನ ಆರೂ ಕಾಲು. ಹಣಕಾಸು ಇಲಾಖೆಯ ನಾಲ್ಕನೆಯ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ಫ್ಲಾಸ್ಕಿನಿಂದ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಿದ್ದಾರೆ. ಮುಂದೆ ರೂಲು ಎಳೆದ ಉದ್ದನೆಯ ಪುಸ್ತಕ. ಮೊಬೈಲು ನೋಡಿ ಒಂದು ಸಾಲಿನಲ್ಲಿ ತಾರೀಖು, ಅದರ ಪಕ್ಕ ಒಂದು ಅಂಕಿ ಬರೆಯುತ್ತಾರೆ. ಊದಿ ಒಣಗಿಸುತ್ತಾರೆ. ಮುಗಿಯಿತು. ಈ ಕೆಲಸ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ, ಇದಕ್ಕೆ ಸಂಬಳವೂ ಇಲ್ಲ. ಆದರೂ ಹದಿಮೂರು ವರ್ಷದಲ್ಲಿ ಒಂದು ಕೆಲಸದ ದಿನವೂ ತಪ್ಪಿಲ್ಲ. ರಜೆ ಹಾಕಿದರೆ ಮನೆಯಲ್ಲೇ ಚೀಟಿಯಲ್ಲಿ ಬರೆದಿಟ್ಟು ಮರುದಿನ ಪುಸ್ತಕಕ್ಕೆ ಏರಿಸುತ್ತಾರೆ.

ಜಗತ್ತಿನ ಮಾರುಕಟ್ಟೆಯಲ್ಲಿ ಆ ದಿನ ಹಣ ಯಾವ ಬಡ್ಡಿಗೆ ಸಿಗುತ್ತಿದೆ ಎನ್ನುವುದೇ ಆ ಅಂಕಿ. ಅದಕ್ಕೇ ಲಿಫ್ಟಿನವನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರೂ ಇವರನ್ನು ಕರೆಯುವುದು ರೇಟಕ್ಕ ಎಂದು. ಹುದ್ದೆ ಮಾತ್ರ ಹಿರಿಯ ಗುಮಾಸ್ತೆ. ಹೊರದೇಶದ ಸರ್ಕಾರಗಳಿಂದ ತಂದ ಮೂವತ್ತೊಂದು ಸಾಲಗಳ ಕಡತ ಅವರ ಕೈಯಲ್ಲಿದೆ. ಒಂದೊಂದಕ್ಕೂ ವರ್ಷಕ್ಕೆ ಎರಡು ಬಿಲ್ಲು. ಅರವತ್ತೆರಡು ಬಿಲ್ಲೂ ಅವರ ಸಹಿ ಬಿದ್ದ ಮೇಲೆಯೇ ಮುಂದಿನ ಮೇಜಿಗೆ ಹೋಗಬೇಕು.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ ನಗುತ್ತಾರೆ. "ನಮ್ಮ ಯಜಮಾನ್ರು ಬಸ್ ಡ್ರೈವರು. ಬೆಳಗಿನ ಮೊದಲ ಬಸ್ಸು ಅವರದ್ದೇ. ಅದು ಬಿಟ್ರೆ ನಮ್ಮ ಕಡೆಯಿಂದ ಎಂಟೂವರೆವರೆಗೂ ಬಸ್ಸಿಲ್ಲ, ಅದರಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬಂದವಳು ಮೂರ್ನಾಲ್ಕು ಗಂಟೆ ನೊಣ ಹೊಡೀತಾ ಕೂರೋ ಬದಲು ಏನಾದ್ರೂ ಬರೆಯೋಣ ಅಂತ ಶುರು ಮಾಡ್ದೆ, ಅಷ್ಟೆ." ಟಿಕೆಟ್ ತೆಗೆಸುತ್ತೀರಾ ಎಂದರೆ ಹುಬ್ಬೇರಿಸುತ್ತಾರೆ. "ತೆಗೆಸ್ದೇ ಇರ್ತೀನಾ? ಗಂಡ ಓಡಿಸ್ತಾರೆ ಅಂದ್ರೆ ಬಸ್ಸು ಅವರಪ್ಪಂದಾ?"

ಅವರ ಬೆನ್ನ ಹಿಂದೆ ಎರಡು ಬೀರುಗಳಿವೆ. ಕಾಲ ಹೇಗೆ ಬದಲಾಗಿದೆ ಎನ್ನುವುದಕ್ಕೆ ಬೇರೆ ಪಾಠ ಬೇಕಿಲ್ಲ, ಆ ಬೀರುಗಳ ಬಾಗಿಲು ತೆರೆದರೆ ಸಾಕು. ಎಡಗಡೆಯದರಲ್ಲಿ ಬಿಳಿ ಪಟ್ಟಿಯ ಹಳೆಯ ಕಡತಗಳು. ಆಗ ಒಂದು ಸರ್ಕಾರ ಇನ್ನೊಂದಕ್ಕೆ ಸಾಲ ಕೊಡುವುದೆಂದರೆ ಅರ್ಧ ಉಪಕಾರ. ನಲವತ್ತು ವರ್ಷದ ಗಡುವು, ಮೊದಲ ಹತ್ತು ವರ್ಷ ಅಸಲಿನ ಮಾತೇ ಇಲ್ಲ, ಬಡ್ಡಿ ಹೆಸರಿಗೆ ಮುಕ್ಕಾಲು ಪರ್ಸೆಂಟು. ಬಲಗಡೆಯ ಬೀರುವಿನಲ್ಲಿ ಕೆಂಪು ಪಟ್ಟಿಯವು. ಸಾಲ ಕೊಡುವವರು ಸರ್ಕಾರದವರೇ, ಆದರೆ ಬಡ್ಡಿ ಮಾರುಕಟ್ಟೆಯದು. ಹದಿನೈದು ವರ್ಷದಲ್ಲಿ ತೀರಿಸಬೇಕು, ಆರು ತಿಂಗಳಿಗೊಮ್ಮೆ ದರ ಬದಲಾಗುತ್ತದೆ. ಕಳೆದ ಹತ್ತು ವರ್ಷದಲ್ಲಿ ಎಡಗಡೆಗೆ ಸೇರಿದ್ದು ಒಂದೇ ಕಡತ, ಬಲಗಡೆಗೆ ಹದಿನೆಂಟು. "ಹಿಂದೆ ಕೈಮುಗಿದು ತಗೋತಿದ್ವಿ. ಈಗ ಬೆಲೆ ಕೊಟ್ಟು ತಗೋತೀವಿ," ಎನ್ನುತ್ತಾರೆ ರೇಟಕ್ಕ.

ಕೆಂಪು ಕಡತಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಕುಡಿಯುವ ನೀರಿನ ಸಾಲದ್ದು, ಮುನ್ನೂರು ಕೋಟಿ. ಪೈಪುಗಳು ಊರೆಲ್ಲ ಸುತ್ತಿ ಕೊನೆಯ ಹನ್ನೊಂದು ಬೀದಿಗಳ ಹತ್ತಿರ ಬಂದು ನಿಂತುಬಿಟ್ಟವು. ಉಳಿದದ್ದು ನಾಲ್ಕೇ ಕಿಲೋಮೀಟರು. ಆದರೆ ಎರಡು ವರ್ಷ ಬಡ್ಡಿಯ ಬಿಲ್ಲು ಏರುತ್ತಲೇ ಹೋಗಿ, ಅದನ್ನು ಕಟ್ಟುವುದಕ್ಕೆ ಆ ನಾಲ್ಕು ಕಿಲೋಮೀಟರಿನ ದುಡ್ಡನ್ನೇ ಕತ್ತರಿಸಬೇಕಾಯಿತು. ಹನ್ನೊಂದು ಬೀದಿಗಳಲ್ಲಿ ಒಂದು ರೇಟಕ್ಕನದೇ. ವಾರಕ್ಕೆ ಮೂರು ದಿನ ಟ್ಯಾಂಕರು ಬರುತ್ತಿತ್ತು. ಎಪ್ಪತ್ತಾರು ವರ್ಷದ ಅತ್ತೆ ಆರು ಕೊಡ ಸಾಲಿಗಿಟ್ಟು ಕಾಯುತ್ತಿದ್ದರು. "ನನ್ನ ಸೊಸೆ ಸರ್ಕಾರದ ಕೋಟಿಗಟ್ಟಲೆ ಲೆಕ್ಕ ನೋಡ್ತಾಳೆ, ನಾನಿಲ್ಲಿ ಕೊಡ ಎಣಿಸ್ತೀನಿ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರಂತೆ.

ಬಿಲ್ಲು ಬಂದಾಗ ಬೇರೆಯವರೆಲ್ಲ ನೋಡುತ್ತಿದ್ದದ್ದು ಗುಣಾಕಾರವನ್ನು. ಅಸಲು ಇಷ್ಟು, ದರ ಇಷ್ಟು, ಬಡ್ಡಿ ಇಷ್ಟು, ಎಲ್ಲಾ ಸರಿ. ರೇಟಕ್ಕನಿಗೆ ಮಾತ್ರ ಇನ್ನೊಂದು ಅಭ್ಯಾಸವಿತ್ತು. ಪ್ರತಿ ಸಾಲದ ಕರಾರು ಓದಿ, ಯಾವ ದಿನದ ದರ ಹಿಡಿಯಬೇಕೋ ಆ ದಿನದ ಸಾಲಿಗೆ ತಮ್ಮ ಪುಸ್ತಕದಲ್ಲಿ ಮೊದಲೇ ಒಂದು ಕೆಂಪು ಗುರುತು ಹಾಕಿಡುವುದು. ನೀರಿನ ಸಾಲದ ಮೊದಲ ಏರುಬಿಲ್ಲು ಬಂದಾಗ ಅದರ ದರವೂ ಗುರುತಿನ ಎದುರಿನ ಅಂಕಿಯೂ ತಾಳೆಯಾಗಲಿಲ್ಲ.

ಆಗ ಅವರು ಮಾಡಿದ್ದೇನು? ವೈಟ್ನರ್ ತೆಗೆದುಕೊಂಡು ತಮ್ಮ ಅಂಕಿಯನ್ನೇ ಅಳಿಸಿ, ಬಿಲ್ಲಿನ ಅಂಕಿಯನ್ನು ಬರೆದರು. "ಅಷ್ಟು ದೊಡ್ಡ ದೇಶದ ಕಂಪ್ಯೂಟರು ತಪ್ಪುತ್ತಾ, ನಾನೇ ಎಲ್ಲೋ ಕಣ್ತಪ್ಪಿ ಬರ್ದಿರ್ಬೇಕು ಅಂದ್ಕೊಂಡೆ. ನಾಚಿಕೆಯಾಯ್ತು, ಯಾರಿಗೂ ಹೇಳ್ಲಿಲ್ಲ." ಎರಡನೆಯ ಬಿಲ್ಲಿಗೂ ಅದೇ, ಮೂರನೆಯದಕ್ಕೂ ಅದೇ. ವರ್ಷಗಟ್ಟಲೆ ದಿನಾ ಬೆಳಗ್ಗೆ ಎದ್ದು ಬರೆದ ಕೈಯನ್ನು ಅವರೇ ನಂಬಲಿಲ್ಲ ನೋಡಿ. ಇದನ್ನು ಹೇಳುವಾಗ ಈಗಲೂ ತಲೆ ತಗ್ಗಿಸುತ್ತಾರೆ.

ನಾಲ್ಕನೆಯ ಬಿಲ್ಲು ಬಂದ ದಿನ ವೈಟ್ನರಿನ ಬಾಟಲಿ ಒಣಗಿತ್ತು. ಸ್ಟೋರಿನವನು ಬರುವುದು ಹತ್ತಕ್ಕೆ. ಕಾಯುತ್ತಾ ಕೂತವರು, ಬಿಲ್ಲಿನಲ್ಲಿರುವ ಅಂಕಿ ತಮ್ಮ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ ಎಂದು ಬೆರಳಿಟ್ಟು ಹುಡುಕಿದರು. ಇತ್ತು, ಗುರುತಿನಿಂದ ಮೂವತ್ತು ಸಾಲು ಕೆಳಗೆ. ಹಳೆಯ ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರು. ವೈಟ್ನರಿನ ಅಡಿಯಲ್ಲಿ ನೀಲಿ ಶಾಯಿ ಹಾಗೇ ಇತ್ತು. ಮೂರೂ ಸಲ ಅವರು ಬರೆದದ್ದೇ ಸರಿ. ಮೂರೂ ಸಲ ಬಿಲ್ಲಿನ ದರ ಕೂತಿದ್ದದ್ದು ಮೂವತ್ತು ಸಾಲು ಕೆಳಗೆ.

ಕರಾರು ತೆಗೆದರು. ಅರ್ಧವರ್ಷ ಶುರುವಾಗುವುದಕ್ಕೆ ಮೂವತ್ತು ಕೆಲಸದ ದಿನ ಮೊದಲಿನ ದರ ಹಿಡಿಯಬೇಕು, ಬಜೆಟ್ಟಿಗೆ ಹೊಂದಿಸಿಕೊಳ್ಳಲು ನಮಗೆ ಸಮಯ ಬೇಕು ಎಂದು ಚೌಕಾಸಿ ಮಾಡಿ ಹಾಕಿಸಿಕೊಂಡ ಷರತ್ತು ಅಲ್ಲಿತ್ತು. ಸಾಲ ಕೊಟ್ಟವರ ಕಂಪ್ಯೂಟರು ತನ್ನ ಬೇರೆ ಸಾಲಗಳ ಹಾಗೆ ಇದಕ್ಕೂ ಮೊದಲ ದಿನದ ದರವನ್ನೇ ಹಿಡಿದಿತ್ತು. ಹಿಂದೆ ದರ ಅಲುಗದೆ ನಿಂತಿದ್ದಾಗ ಇದು ಯಾರಿಗೂ ಕಾಣಿಸಿರಲಿಲ್ಲ, ಈಗ ಮಾರುಕಟ್ಟೆ ಏರುತ್ತಿದ್ದ ಕಾಲ. ಆರು ವಾರದಲ್ಲಿ ದರ ಹೆಚ್ಚುಕಡಿಮೆ ಅರ್ಧ ಪರ್ಸೆಂಟಿನ ಹತ್ತಿರ ಏರಿರುತ್ತಿತ್ತು. ನಾಲ್ಕು ಬಿಲ್ಲು ಸೇರಿ ಎರಡು ಕೋಟಿ ನಲವತ್ತು ಲಕ್ಷ.

ಪುಸ್ತಕ, ಕರಾರು ಎರಡನ್ನೂ ಹಿಡಿದು ಹೋದರೆ ಅವರ ಮೇಲಧಿಕಾರಿ ಸಾಹೇಬರು ಮೊದಲು ಹಿಂದೆಗೆದರು. ಅದೇ ದೇಶದ ಜೊತೆ ಇನ್ನೊಂದು ಸಾಲದ ಮಾತು ನಡೆಯುತ್ತಿತ್ತು. "ಅಮ್ಮಾ, ಈಗ ಅವರನ್ನ ಕೆಣಕೋದು ಬೇಡ," ಎಂದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎದುರು ಮಾತಾಡದ ರೇಟಕ್ಕ ಅಂದು ಮೇಜಿನ ಮುಂದಿನಿಂದ ಕದಲಲಿಲ್ಲ. "ಸಾರ್, ಬಿಳಿ ಪಟ್ಟಿ ಸಾಲ ಆಗಿದ್ರೆ ನಾನೇ ಸುಮ್ನಿರ್ತಿದ್ದೆ. ಇದು ಉಪಕಾರ ಅಲ್ಲ, ವ್ಯಾಪಾರ. ಮಾರ್ಕೆಟ್ ರೇಟು ಕೊಡ್ತೀವಿ ಅಂದ ಮೇಲೆ ಬಿಲ್ಲು ನೋಡೋ ಹಕ್ಕೂ ನಮ್ದೇ ಅಲ್ವಾ?" ಪಕ್ಕದ ಮೇಜಿನವರು ನಿಮ್ಮ ಮನೆ ನಲ್ಲಿಗೋಸ್ಕರ ಇಷ್ಟೆಲ್ಲಾನಾ ಎಂದು ಕೆಣಕಿದರೆ, "ಹೌದು, ನನ್ನ ನಲ್ಲೀನೂ ಇದೆ. ಅದಕ್ಕೆ ಅಂತ ಉಳಿದ ಹತ್ತು ಬೀದಿ ಬಾಯಾರ್ಲಾ?" ಎಂದು ಬಾಯಿ ಮುಚ್ಚಿಸಿದರು.

ವಿಡಿಯೋ ಸಭೆ ಏರ್ಪಾಡಾಯಿತು. ಪರದೆಯ ಆ ಕಡೆ ಕೋಟು ತೊಟ್ಟ ಐದು ಮಂದಿ, ಈ ಕಡೆ ಸಾಹೇಬರು, ದುಭಾಷಿ, ಮೂಲೆಯಲ್ಲಿ ಪುಸ್ತಕ ಅಪ್ಪಿಕೊಂಡ ರೇಟಕ್ಕ. ಮೊದಲೇ ಕಳಿಸಿದ್ದ ಪುಟಗಳ ನಕಲು ನೋಡುತ್ತಾ, ಪುಸ್ತಕದಲ್ಲಿ ತಿದ್ದಿದ ಕಲೆಗಳಿವೆಯಲ್ಲ ಎಂದು ಆ ಕಡೆಯವರೊಬ್ಬರು ಕೇಳಿದರು. ರೇಟಕ್ಕ ಎದ್ದು ನಿಂತರು. "ತಿದ್ದಿದ್ದು ನಾನೇ. ನಿಮ್ಮನ್ನ ನಂಬಿ ತಿದ್ದಿದ್ದು. ನನ್ನ ಪುಸ್ತಕ ಪಕ್ಕಕ್ಕಿಡಿ, ಕರಾರಿನಲ್ಲಿ ಯಾವ ದಿನ ಅಂತಿದೆ ಓದಿ, ನಿಮ್ಮ ದೇಶದ ನ್ಯೂಸ್‌ಪೇಪರಿನಲ್ಲೇ ಆ ದಿನದ ದರ ನೋಡಿ." ದುಭಾಷಿ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯ ನರೆಗೂದಲಿನ ಲೆಕ್ಕಾಧಿಕಾರಿಯೊಬ್ಬರು ಕರಾರಿನ ಹಾಳೆ ತಿರುವುತ್ತಿದ್ದರು. ಓದಿ, ಕನ್ನಡಕ ತೆಗೆದು, ಆಕೆ ಹೇಳುವುದು ಸರಿ ಎಂದರು. ಅಷ್ಟೇ.

ಹೆಚ್ಚಿಗೆ ಕಟ್ಟಿದ್ದೆಲ್ಲ ಬಡ್ಡಿಸಮೇತ ವಾಪಸು ಬಂತು. ಹೊಸ ಸಾಲದ ಮಾತೂ ಮುರಿಯಲಿಲ್ಲ. ಆದರೆ ಈ ಸಲ ಕರಾರಿನ ಕರಡು ಸಾಹೇಬರ ಮೇಜಿಗಿಂತ ಮೊದಲು ರೇಟಕ್ಕನ ಮೇಜಿಗೆ ಬಂತು. ಐದು ತಿಂಗಳಲ್ಲಿ ನಾಲ್ಕು ಕಿಲೋಮೀಟರು ಪೈಪು ಹಾಕಿದರು. ಮೊದಲ ದಿನ ನಲ್ಲಿ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿದಾಗ ಹನ್ನೊಂದು ಬೀದಿಗಳಲ್ಲೂ ಜನ ಬಾಗಿಲಿಗೆ ಬಂದು ನೋಡುತ್ತಾ ನಿಂತರಂತೆ. ಅತ್ತೆ ಆರೂ ಕೊಡ ಕವುಚಿ ಅಟ್ಟಕ್ಕೆ ಹಾಕಿಸಿದರು. "ಸೊಸೆ ಲೆಕ್ಕ ನೋಡಿದ್ದು ಸಾರ್ಥಕ ಆಯ್ತು," ಎಂದದ್ದೂ ಬೀದಿಗೆಲ್ಲ ಕೇಳುವ ಹಾಗೆಯೇ.

ಸನ್ಮಾನ, ಶಾಲು, ಬಡ್ತಿ ಯಾವುದೂ ಆಗಿಲ್ಲ. ಅದರ ಮಾತೆತ್ತಿದರೆ ಅವರು ಡ್ರಾಯರಿನಿಂದ ಅದೇ ದೇಶದಿಂದ ಹೊಸದಾಗಿ ಬಂದ ಬಿಲ್ಲೊಂದನ್ನು ತೆಗೆಯುತ್ತಾರೆ. ಹಿಂದೆಲ್ಲ ಅದರಲ್ಲಿ ದರ ಮಾತ್ರ ಇರುತ್ತಿತ್ತು. ಈಗ ದರದ ಕೆಳಗೆ ಇನ್ನೊಂದು ಸಾಲು ಅಚ್ಚಾಗಿದೆ, ಅದು ಯಾವ ತಾರೀಖಿನ ದರ ಎಂದು. ಆ ದೇಶ ಸಾಲ ಕೊಟ್ಟಿರುವ ನಲವತ್ತು ಚಿಲ್ಲರೆ ದೇಶಗಳಿಗೂ ಈಗ ಬಿಲ್ಲು ಹೋಗುವುದು ಆ ಸಾಲಿನ ಜೊತೆಗೇ. ರೇಟಕ್ಕ ಅದರ ಮೇಲೆ ಬೆರಳಿಡುತ್ತಾರೆ.

"ಹೆಸರು ಗಿಸರು ಏನೂ ಬೇಡ. ಇದೊಂದು ಸಾಲು ಇದೆಯಲ್ಲ, ಇದು ನಂದು."