ಸ್ಟಿಕ್ಕರ್ ಮೇಲಿನ ಬೊಟ್ಟು

ನನ್ನ ಗಂಡನ ಕಂಪ್ಯೂಟರ್ ಸುಟ್ಟುಹೋದದ್ದು ಅವರು ತೀರಿಕೊಂಡ ಆರು ತಿಂಗಳಿಗೆ, ಒಂದು ಮಧ್ಯಾಹ್ನದ ಗುಡುಗು ಸಿಡಿಲಿಗೆ. ಒಳಗಿನ ಬೋರ್ಡೂ ಹೋಯಿತು, ಡಿಸ್ಕೂ ಹೋಯಿತು. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾವಿಬ್ಬರೂ ಡಿಟಿಪಿ ಮಾಡುತ್ತಿದ್ದೆವು. ಲಗ್ನಪತ್ರಿಕೆ, ಕಾಲೇಜಿನವರ ಥೀಸಿಸ್, ವೈಕುಂಠ ಸಮಾರಾಧನೆಯ ಕಾರ್ಡು. ಅವರ ಕಾರ್ಡನ್ನೂ ನಾನೇ ಟೈಪ್ ಮಾಡಿದ್ದೆ, ಅದೇ ಯಂತ್ರದಲ್ಲಿ. ಕೆಲಸ ನಿಲ್ಲಿಸುವಂತಿರಲಿಲ್ಲ. ಶ್ರೀರಾಂಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅವರ ಸ್ನೇಹಿತರೊಬ್ಬರು ಹೊಸದೊಂದನ್ನು ಜೋಡಿಸಿ ತಂದುಕೊಟ್ಟರು.

ಆಪರೇಟಿಂಗ್ ಸಿಸ್ಟಂ ಹಾಕಿದ್ದಾಯಿತು. ಅದು ಲೈಸೆನ್ಸ್ ನಂಬರ್ ಕೇಳಿತು. ನಮ್ಮ ಹತ್ತಿರ ಅಸಲಿ ಲೈಸೆನ್ಸ್ ಇತ್ತು, ಹಳೆಯ ಯಂತ್ರದಿಂದ ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದಾದದ್ದು. ಗೊತ್ತಿದ್ದವರೆಲ್ಲ ಕದ್ದ ಕಾಪಿ ಹಾಕಿಕೊಂಡು ಹಾಯಾಗಿದ್ದಾಗ ಇವರೊಬ್ಬರು ಅಂಗಡಿಗೆ ಹೋಗಿ ಕೊಂಡು ತಂದಿದ್ದರು. ನಾನು ಬೇಕಾದಷ್ಟು ಅಣಕಿಸಿದ್ದೆ. ‘ಇದು ನಮ್ದು ಕಣೆ, ಯಾರೂ ಕೇಳೋ ಹಾಗಿಲ್ಲ’ ಅನ್ನುತ್ತಿದ್ದರು. ಎಲ್ಲಾದರೂ ಕಳೆದೀತೆಂದು ನಂಬರಿನ ಸ್ಟಿಕ್ಕರನ್ನು ಸಿಪಿಯುವಿನ ಪಕ್ಕಕ್ಕೆ ಅಂಟಿಸಿ, ಪ್ಯಾಕೆಟ್ಟನ್ನು ಎಸೆದಿದ್ದರು. ಅಷ್ಟು ಬುದ್ಧಿವಂತರು ಪ್ರತಿ ವರ್ಷ ಆಯುಧಪೂಜೆಗೆ ಗಂಧ ಕುಂಕುಮ ಹಚ್ಚಲು ಆರಿಸಿಕೊಂಡ ಜಾಗವೂ ಅದೇ! ಇಡೀ ಕಪ್ಪು ಸಿಪಿಯುವಿನಲ್ಲಿ ಬೆಳ್ಳಗಿದ್ದದ್ದು ಅದೊಂದೇ, ಬೊಟ್ಟು ಎದ್ದು ಕಾಣಲೆಂದು. ಇಪ್ಪತ್ತೈದು ಅಕ್ಷರಗಳಲ್ಲಿ ನಡುವಿನ ಐದಾರು ಆ ಬೊಟ್ಟಿನ ಅಡಿಯಲ್ಲಿದ್ದವು.

‘ಒದ್ದೆ ಬಟ್ಟೆ ಕೊಡಿ ಅತ್ತಿಗೆ, ಅಂಗೇ ಒರೆಸ್ಬುಡ್ತೀನಿ’ ಎಂದರು ಸ್ನೇಹಿತರು.

‘ಮುಟ್ಟಬೇಡಿ’ ಎಂದೆ. ದನಿ ನನಗೇ ಒರಟಾಗಿ ಕೇಳಿತು.

ಒಣಗಿದ ಆ ಗಂಧದಲ್ಲಿ ಬೆರಳಿನ ಗೆರೆಗಳಿದ್ದವು. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ ಸುರುಳಿ ಸುರುಳಿಯಾಗಿ ಕಾಣುತ್ತಿದ್ದವು. ಅವರು ಇನ್ನೂ ಆ ಕೋಣೆಯಲ್ಲಿದ್ದಾರೆಂದು ನಾನು ನಂಬಿದ್ದೇ ಆ ಗೆರೆಗಳಿಂದ. ಬೆಳಿಗ್ಗೆ ಅತ್ತ ಒಮ್ಮೆ ನೋಡದೆ ಕೆಲಸಕ್ಕೆ ಕೂತವಳಲ್ಲ. ಕೆಲವು ದಿನ, ನಾನು ಟೈಪ್ ಮಾಡುವುದನ್ನು ನಿಲ್ಲಿಸಿದ ಮೇಲೂ ಕೀಬೋರ್ಡಿನ ಸದ್ದು ಒಂದೆರಡು ಅಕ್ಷರದಷ್ಟು ಹೊತ್ತು ಕೇಳಿಸುತ್ತಿತ್ತು. ಹೆದರಿಕೆಯಾಗುತ್ತಿರಲಿಲ್ಲ. ಬೊಟ್ಟಿನ ಕಡೆ ತಿರುಗಿ ‘ಸಾಕು, ಸ್ವಲ್ಪ ಕೂತ್ಕೊಳ್ಳಿ’ ಅನ್ನುತ್ತಿದ್ದೆ. ಹೊಸ ಲೈಸೆನ್ಸ್ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಅವರು ‘ನಮ್ದು’ ಎಂದು ಬೀಗಿದ್ದನ್ನು ಕಸಕ್ಕೆ ಹಾಕಿದ ಹಾಗಾಗುತ್ತಿತ್ತು. ಅವರ ಲೈಸೆನ್ಸ್ ಉಳಿಯಬೇಕಾದರೆ ಅವರ ಬೆರಳಿನ ಗುರುತು ಹೋಗಬೇಕಿತ್ತು.

ಟಾರ್ಚ್ ಹಿಡಿದು ನೋಡಿದೆವು. ಒಂದು ಅಕ್ಷರ ಬಿ ಇರಬಹುದು, ಎಂಟಿನ ಅಂಕಿಯೂ ಇರಬಹುದು. ಊಹಿಸಿ ಹಾಕಿದ್ದನ್ನೆಲ್ಲ ಯಂತ್ರ ತಪ್ಪು ಎಂದಿತು. ಅಷ್ಟರಲ್ಲಿ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಮಗ ಹೋದ ಮೇಲೆ ಅವರ ಮಾತು ಕಡಿಮೆ, ಆಡಿದ್ದೂ ಖಾರವೇ.

‘ಏನದು ಅಷ್ಟು ಹೊತ್ತಿಂದ?’

‘ಇದ್ರಲ್ಲಿ ಅವರ ಬೆರಳಿನ ಗುರುತಿದೆ ಅತ್ತೆ. ಒರೆಸೋಕೆ ಮನಸ್ಸು ಬರ್ತಿಲ್ಲ.’

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. ‘ಹೋದ ಸಲ ಅವನೆಲ್ಲಿ ಪೂಜೆ ಮಾಡ್ದ? ಮಂಚದಿಂದ ಏಳ್ತಾನೇ ಇರ್ಲಿಲ್ಲ. ನೀನೇ ಅಲ್ವೇನೆ ಹಚ್ಚಿದ್ದು?’

ಎಲ್ಲ ಒಟ್ಟಿಗೆ ನೆನಪಾಯಿತು. ಅವರು ಒಳಗಿನಿಂದ ‘ಗಂಧ ನೀರು ಮಾಡ್ಬೇಡ ಕಣೆ’ ಎಂದದ್ದು. ಔಷಧಿಯ ಹೊತ್ತು ಮೀರಿತೆಂದು ಸಿಡುಕುತ್ತ ನಾನು ಅವರ ಹಳೆಯ ಬೊಟ್ಟುಗಳ ಮೇಲೆ ಒತ್ತಿ ಹಚ್ಚಿ ಬಂದದ್ದು. ಗೆರೆಗಳ ಮೇಲೆ ಉಂಗುರದ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತು. ಆರು ತಿಂಗಳು ನಾನು ಮಾತಾಡಿಸಿದ್ದು ನನ್ನ ಬೆರಳನ್ನೇ. ಯಾರೋ ಇದ್ದಾರೆ ಅನ್ನಿಸಿದಾಗ ಆಗದ ಹೆದರಿಕೆ, ಯಾರೂ ಇರಲಿಲ್ಲ ಎಂದು ತಿಳಿದಾಗ ಆಯಿತು.

ಬಟ್ಟೆ ಒದ್ದೆ ಮಾಡಿಕೊಂಡು ನಾನೇ ಒರೆಸಿದೆ. ಮೊದಲು ಹೋದದ್ದು ನನ್ನ ಪದರ. ಅದರಡಿ ಕಪ್ಪಾದ ಕುಂಕುಮ, ಅದರಡಿ ಇನ್ನೊಂದು ವರ್ಷದ ಗಂಧ. ಅವು ಅವರವು. ಒಂದಾದರೂ ಗೆರೆ ಕಂಡೀತೇನೋ ಎಂದು ಮೆಲ್ಲಗೆ, ತೀರಾ ಮೆಲ್ಲಗೆ ಒರೆಸಿದೆ. ಕಾಣಲಿಲ್ಲ. ಎಲ್ಲವೂ ಕೆಸರಾಗಿ ಬಟ್ಟೆಗೆ ಬಂತು. ಅಕ್ಷರಗಳು ಮಾತ್ರ ಸ್ವಲ್ಪವೂ ಮಾಸಿರಲಿಲ್ಲ.

ಸ್ನೇಹಿತರು ಓದಿದರು, ನಾನು ಟೈಪ್ ಮಾಡಿದೆ. ಈ ನಂಬರ್ ಬೇರೊಂದು ಯಂತ್ರದಲ್ಲಿದೆ ಎಂದು ಅದು ತಕರಾರು ತೆಗೆಯಿತು. ಕಂಪನಿಗೆ ಫೋನ್ ಮಾಡಬೇಕಾಯಿತು. ಮೊದಲೇ ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿ, ಈ ಲೈಸೆನ್ಸ್ ಎಷ್ಟು ಕಂಪ್ಯೂಟರುಗಳಲ್ಲಿದೆ ಎಂದು ಕೇಳಿತು.

‘ಒಂದು ಒತ್ತಿ ಅತ್ತಿಗೆ. ಹಳೇದು ಸತ್ತೋಯ್ತಲ್ಲ’ ಎಂದ ಸ್ನೇಹಿತರು ಕೂಡಲೇ ನಾಲಿಗೆ ಕಚ್ಚಿಕೊಂಡರು. ನಾನು ಒಂದು ಒತ್ತಿದೆ. ಆ ದನಿ ಹೇಳುತ್ತ ಹೋದ ಅಂಕಿಗಳನ್ನೆಲ್ಲ ಹಾಕಿ ಮುಗಿಸಿದ ಮೇಲೆ ಲೈಸೆನ್ಸ್ ಹೊಸ ಯಂತ್ರಕ್ಕೆ ಬಂತು.

ಸ್ನೇಹಿತರನ್ನು ಕಳಿಸಿ, ಬಟ್ಟೆ ಒಗೆದುಬಿಡೋಣವೆಂದು ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಹಿಂದೆಯೇ ಬಂದ ಅತ್ತೆ ಕೈ ಚಾಚಿ ನಲ್ಲಿ ನಿಲ್ಲಿಸಿದರು.

‘ಮೇಲಿನ ಬೊಟ್ಟು ಒಂದು ತಾನೇ ನಿಂದು’ ಎಂದರು. ‘ಒಗೀಬೇಡ. ನನಗೆ ಕೊಡು.’